ಪಂಕ್ತಿ ಮತ್ತು ಪತ್ರ: ಮೊದಲ ಕ್ರೈಸ್ತರು ಜಗಳ ಬಗೆಹರಿಸಿಕೊಂಡ ಬಗೆ

ಆಗಿನ ಸಿರಿಯಾದ ಅಂತಿಯೋಕ್ಯ ಎಂಬ ಊರಿನ ಕ್ರೈಸ್ತರಲ್ಲಿ ಯೆಹೂದ್ಯರು, ಯೆಹೂದ್ಯರಲ್ಲದವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರ ಜೊತೆ ಕೂರುತ್ತಿದ್ದ. ಅಷ್ಟರಲ್ಲಿ ಯೆರೂಸಲೇಮಿನ ಕ್ರೈಸ್ತರ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಸುನ್ನತಿ ಮಾಡಿಸಿಕೊಳ್ಳದವರ ಜೊತೆ ಊಟ ಮಾಡುವುದು ಅವರಿಗೆ ಸರಿಬರಲಿಲ್ಲ. ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯ ಕ್ರೈಸ್ತರೂ ಸರಿದರು, ಪೌಲನ ಜೊತೆಗಾರ ಬಾರ್ನಬನೂ ಸರಿದ. ಊರೂರಿಗೆ ಹೋಗಿ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನಿಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಪೇತ್ರನಿಗೆ ಮುಖ ಕೊಟ್ಟು, ನೀನು ಮಾಡಿದ್ದು ತಪ್ಪು ಅಂದ. ಇದನ್ನು ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

ಪಂಕ್ತಿಭೇದ ಅಂದರೆ ಏನು, ಅದು ಎಷ್ಟು ನೋಯಿಸುತ್ತದೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮೊದಲ ಕ್ರೈಸ್ತರ ಜಗಳಗಳನ್ನು ಅರ್ಥ ಮಾಡಿಕೊಳ್ಳೋಕೆ ಈ ಊಟದಿಂದಲೇ ಶುರು ಮಾಡುವುದು ಒಳ್ಳೆಯದು. ಮೊದಲ 300 ವರ್ಷ ಅವರ ಕೈಯಲ್ಲಿ ಕೋರ್ಟು ಇರಲಿಲ್ಲ, ಸೈನ್ಯ ಇರಲಿಲ್ಲ. ಎಲ್ಲರೂ ಒಪ್ಪುವ ಒಂದು ಕೇಂದ್ರ ಕಚೇರಿಯೂ ಇರಲಿಲ್ಲ. ರೋಮ್ ಸರ್ಕಾರದ ಕಣ್ಣಿನಲ್ಲಿ ಅವರದು ಅನುಮಾನದ ಗುಂಪು. ಅವರ ಹತ್ತಿರ ಇದ್ದದ್ದು ಎರಡೇ ಸಾಧನ. ಒಂದು ಪಂಕ್ತಿ, ಅಂದರೆ ಯಾರ ಜೊತೆ ರೊಟ್ಟಿ ಮುರಿಯುತ್ತೇವೆ ಎಂಬುದು. ಇನ್ನೊಂದು ಪತ್ರ, ಅಂದರೆ ಯಾರಿಗೆ ಬರೆಯುತ್ತೇವೆ, ಯಾರು ಬರೆದದ್ದನ್ನು ಸಭೆಯಲ್ಲಿ (ಆಯಾ ಊರಿನ ಕ್ರೈಸ್ತ ಸಮುದಾಯದಲ್ಲಿ) ಓದುತ್ತೇವೆ ಎಂಬುದು.

ಸುನ್ನತಿಯ ಪ್ರಶ್ನೆಗೆ ಯೆರೂಸಲೇಮಿನಲ್ಲಿ ಕೂಟ ಸೇರಿತು. ಸುಮಾರು ಕ್ರಿ.ಶ. 49ರ ಹೊತ್ತು. ಅಂತಿಯೋಕ್ಯದ ಊಟದ ಜಗಳ ಇದಕ್ಕೆ ಮುಂಚೆ ನಡೆಯಿತೋ ಆಮೇಲೋ ಅಂತ ವಿದ್ವಾಂಸರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಪ್ರಶ್ನೆ ಮಾತ್ರ ಒಂದೇ: ಯೇಸುವನ್ನು ನಂಬಿದ ಅನ್ಯಜನರು ಮೊದಲು ಯೆಹೂದ್ಯರಾಗಬೇಕೋ ಬೇಡವೋ? ಬೈಬಲ್‌ನ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ಓದಿದರೆ ಅಲ್ಲಿ ಏನೇನು ನಡೆಯಿತು ಅಂತ ಗೊತ್ತಾಗುತ್ತದೆ. ಬಹಳ ಹೊತ್ತು ವಾದ ನಡೆಯಿತು. ಪೇತ್ರ ಎದ್ದು ತನ್ನ ಅನುಭವ ಹೇಳಿದ. ಬಾರ್ನಬ, ಪೌಲ ತಾವು ಹೋದ ಊರುಗಳಲ್ಲಿ ಕಂಡದ್ದನ್ನು ಹೇಳಿದರು. ಯಾಕೋಬ ಪ್ರವಾದಿಗಳ ಮಾತು ಎತ್ತಿ ತನ್ನ ಅಭಿಪ್ರಾಯ ಕೊಟ್ಟ. ಸುನ್ನತಿ ಬೇಡ ಎಂದಾಯಿತು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ, ಈ ನಾಲ್ಕರಿಂದ ದೂರ ಇದ್ದರೆ ಸಾಕು. ಈ ನಾಲ್ಕರಲ್ಲಿ ಮೂರು ಊಟಕ್ಕೇ ಸೇರಿದವು. ಎರಡು ಕಡೆಯವರೂ ಒಟ್ಟಿಗೆ ಕೂತು ಉಣ್ಣಲು ಬೇಕಾದ ಕನಿಷ್ಠ ಏರ್ಪಾಡು ಇದು ಅಂತಲೇ ನನಗೆ ಕಾಣುತ್ತದೆ.

ತೀರ್ಮಾನ ಪತ್ರದ ರೂಪದಲ್ಲಿ ಹೋಯಿತು. ‘ಪವಿತ್ರಾತ್ಮನಿಗೂ ನಮಗೂ’ ಹೀಗೆ ಸರಿ ಕಂಡಿತು ಎಂಬ ಮಾತು ಅದರಲ್ಲಿದೆ. ಸುಮ್ನೆ ಪತ್ರ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಯೂದ, ಸೀಲ ಎಂಬ ಇಬ್ಬರನ್ನು ಜೊತೆಗೆ ಕಳಿಸಿದರು. ಬರೆದದ್ದನ್ನು ಬಾಯಿಮಾತಿನಲ್ಲೂ ಹೇಳಬೇಕು, ಎದ್ದ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ. ಕೂಟ, ಪತ್ರ, ಪತ್ರ ಒಯ್ಯುವ ನಂಬಿಕಸ್ಥರು: ಈ ಮೂರರ ಜೋಡಿ ಮುಂದೆ ಮತ್ತೆ ಮತ್ತೆ ಕಾಣಿಸುತ್ತದೆ.

ಅಪೊಸ್ತಲರು, ಅಂದರೆ ಯೇಸುವಿನ ಸಂದೇಶ ಸಾರಿದ ಮೊದಲ ತಲೆಮಾರಿನ ಮುಖಂಡರು, ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಕಷ್ಟ ಜಾಸ್ತಿಯಾಯಿತು. ಊರಿಂದ ಊರಿಗೆ ಬೋಧಕರು ತಿರುಗುತ್ತಿದ್ದರು. ಯಾರು ಅಸಲಿ, ಯಾರು ನಕಲಿ? ದಿದಖೆ ಎಂಬ ಹಳೆಯ ಕೈಪಿಡಿಯೊಂದಿದೆ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಅದು ಕೊಡುವ ಪರೀಕ್ಷೆ ಮನೆ ನಡೆಸುವವರು ಕೊಡುವಂಥದ್ದು. ಬಂದವನನ್ನು ಕರ್ತನನ್ನೇ ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿ. ಒಂದು ದಿನ ಇರಲಿ, ಅಗತ್ಯ ಬಿದ್ದರೆ ಎರಡು ದಿನ. ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದ ತನಕ ಬೇಕಾಗುವಷ್ಟು ರೊಟ್ಟಿ ಒಯ್ಯಲಿ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ.

ಊರೊಳಗಿನ ಅಧಿಕಾರದ ಜಗಳವೂ ಇತ್ತು. 1ನೇ ಶತಮಾನದ ಕೊನೆಯಲ್ಲಿ ಕೊರಿಂಥದ ಸಭೆಯಲ್ಲಿ ಕೆಲವರು ಹಿರಿಯರನ್ನು ಕೆಳಗಿಳಿಸಿದರು. ರೋಮ್‌ನ ಸಭೆ ಒಂದು ಉದ್ದ ಪತ್ರ ಬರೆಯಿತು. ಕ್ಲೆಮೆಂಟ್ ಬರೆದದ್ದು ಅಂತ ಪರಂಪರೆ ಹೇಳುತ್ತದೆ, ಆದರೆ ಪತ್ರದೊಳಗೆ ಅವನ ಹೆಸರಿಲ್ಲ, ‘ರೋಮ್‌ನಲ್ಲಿರುವ ದೇವರ ಸಭೆ’ ಅಂತ ಮಾತ್ರ ಇದೆ. ಪತ್ರದ ಜೊತೆ ಮೂವರು ಹೋದರು, ಯೌವನದಿಂದ ಮುಪ್ಪಿನವರೆಗೆ ನಮ್ಮ ನಡುವೆ ಕಳಂಕವಿಲ್ಲದೆ ಬಾಳಿದವರು ಅಂತ ಅವರನ್ನು ಪರಿಚಯಿಸಲಾಗಿದೆ. ಸುಮಾರು 170ರಲ್ಲಿ, ಅಂದರೆ ಮುಕ್ಕಾಲು ಶತಮಾನ ಕಳೆದ ಮೇಲೂ, ಕೊರಿಂಥದವರು ಆ ಪತ್ರವನ್ನು ಭಾನುವಾರದ ಕೂಟದಲ್ಲಿ ಓದುತ್ತಿದ್ದರು. ಬೈಸಿಕೊಂಡವರೇ ಆ ಪತ್ರವನ್ನು ಕಾಪಾಡಿಕೊಂಡರು ಅಂದರೆ ಅದು ಅವರ ಮನಸ್ಸಿಗೆ ನಾಟಿತ್ತು ಅಂತಲೇ ಅರ್ಥ, ಅಲ್ವಾ?

ಎಲ್ಲ ಜಗಳವೂ ಹೀಗೆ ಮುಗಿಯಲಿಲ್ಲ. ಕಪ್ಪು ಸಮುದ್ರದ ದಡದ ಸಿನೋಪೆಯಿಂದ ಮಾರ್ಸಿಯನ್ ಎಂಬ ಹಡಗಿನ ಸಾಹುಕಾರ ರೋಮ್‌ಗೆ ಬಂದ. ಸಭೆಗೆ 2,00,000 ಸೆಸ್ಟರ್ಸ್ (ರೋಮ್‌ನ ನಾಣ್ಯ) ದಾನ ಕೊಟ್ಟ. ಯೆಹೂದ್ಯರ ಶಾಸ್ತ್ರಗ್ರಂಥದ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂಬುದು ಅವನ ಬೋಧನೆ. ಅದನ್ನು ಒಪ್ಪಲು ರೋಮ್ ಸಭೆಯಿಂದ ಆಗಲಿಲ್ಲ. 144ರಲ್ಲಿ ಅವನನ್ನು ಹೊರಗಿಟ್ಟಿತು, ಕೊಟ್ಟ ದುಡ್ಡನ್ನೂ ವಾಪಸ್ ಮಾಡಿತು. ಅವನು ತನ್ನದೇ ಸಭೆ ಕಟ್ಟಿಕೊಂಡ, ಅದು ಬಹುಕಾಲ ಬಾಳಿತು. ಪೌಲನ ಹತ್ತು ಪತ್ರ, ತಾನು ತಿದ್ದಿದ ಲೂಕನ ಸುವಾರ್ತೆ, ಇಷ್ಟೇ ಸಾಕು ಅಂದ ಅವನಿಂದಾಗಿ ಉಳಿದವರಿಗೂ ಒಂದು ಪ್ರಶ್ನೆ ಎದುರಾಯಿತು: ನಮ್ಮ ಗ್ರಂಥಗಳು ಯಾವುವು?

ಅದೇ ಕಾಲಕ್ಕೆ ಬೇರೆ ಕೆಲವು ಬೋಧಕರು, ಅಪೊಸ್ತಲರು ಗುಟ್ಟಾಗಿ ಹೇಳಿಕೊಟ್ಟ ಜ್ಞಾನ ನಮ್ಮ ಹತ್ತಿರ ಇದೆ ಎನ್ನುತ್ತಿದ್ದರು. ಗುಟ್ಟಿನ ಮಾತನ್ನು ಸುಳ್ಳು ಅಂತ ತೋರಿಸುವುದು ಹೇಗೆ? ಗಾಲ್ ನಾಡಿನ (ಇಂದಿನ ಫ್ರಾನ್ಸ್) ಲಿಯೋನ್ ಊರಿನ ಬಿಷಪ್ ಇರೇನಿಯಸ್ ಸುಮಾರು 180ರಲ್ಲಿ ಕೊಟ್ಟ ಉತ್ತರ ನೇರವಾಗಿತ್ತು. ಅಪೊಸ್ತಲರಿಗೆ ಗುಟ್ಟೇನಾದರೂ ಗೊತ್ತಿದ್ದರೆ, ತಮ್ಮ ಸಭೆಗಳನ್ನು ಯಾರ ಕೈಗೆ ಒಪ್ಪಿಸಿದರೋ ಅವರಿಗೇ ಮೊದಲು ಹೇಳುತ್ತಿದ್ದರಲ್ಲ! ಆ ಸಭೆಗಳಿಗೆ ಹೋಗಿ ಕೇಳಿ. ಯಾರ ನಂತರ ಯಾರು ಬಿಷಪ್ ಆದರು ಅಂತ ಹೆಸರು ಹೆಸರಾಗಿ ಹೇಳಬಹುದು. ಅಂಥ ಪಟ್ಟಿಗೆ ರೋಮ್‌ನದನ್ನೇ ಉದಾಹರಣೆ ಕೊಟ್ಟ. ಬಿಷಪ್ ಪರಂಪರೆ ಅಂದಾಗ ಅಧಿಕಾರವೇ ನಮ್ಮ ತಲೆಗೆ ಬರುತ್ತದೆ. ಇರೇನಿಯಸ್‌ಗೆ ಅದು ಮೊದಲು ಸಾಕ್ಷಿ: ಎಲ್ಲರ ಎದುರು, ಹಗಲು ಬೆಳಕಿನಲ್ಲಿ ಕೈಯಿಂದ ಕೈಗೆ ಬಂದ ಬೋಧನೆ ಇದು ಎಂಬುದಕ್ಕೆ ಸಾಕ್ಷಿ.

ಇದೇ ಇರೇನಿಯಸ್ ನಡುವೆ ಬಂದ ಇನ್ನೊಂದು ಜಗಳ ಇದೆ. ಯೇಸುವಿನ ಮರಣ, ಪುನರುತ್ಥಾನದ ಹಬ್ಬ, ಅಂದರೆ ಪಾಸ್ಖ, ಯಾವತ್ತು? ನಮ್ಮ ಮಾತಿನಲ್ಲಿ ಹೇಳುವುದಾದರೆ ತಿಥಿ ಮುಖ್ಯವೋ ವಾರ ಮುಖ್ಯವೋ ಎಂಬ ಜಗಳ ಅದು. ಇಂದಿನ ಟರ್ಕಿಯ ಪಶ್ಚಿಮ ಭಾಗವನ್ನು ಆಗ ಏಷ್ಯಾ ಪ್ರಾಂತ್ಯ ಎನ್ನುತ್ತಿದ್ದರು. ಅಲ್ಲಿಯವರು ಯೆಹೂದ್ಯ ಪಂಚಾಂಗದ ನಿಸಾನ್ ತಿಂಗಳ 14ನೇ ದಿನ, ಹುಣ್ಣಿಮೆಯ ಆಸುಪಾಸಿನಲ್ಲಿ, ಯಾವ ವಾರ ಬಂದರೂ ಉಪವಾಸ ಮುಗಿಸುತ್ತಿದ್ದರು. ರೋಮ್‌ನವರೂ ಇನ್ನೂ ಬಹಳ ಕಡೆಯವರೂ ಭಾನುವಾರದ ತನಕ ಕಾಯುತ್ತಿದ್ದರು. ಒಂದು ಕಡೆ ಹಬ್ಬ ನಡೆಯುವಾಗ ಇನ್ನೊಂದು ಕಡೆ ಇನ್ನೂ ಉಪವಾಸ.

ಸುಮಾರು 155ರಲ್ಲಿ ಏಷ್ಯಾ ಪ್ರಾಂತ್ಯದ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ರೋಮ್‌ಗೆ ಬಂದ. ಹಣ್ಣಾದ ಮುದುಕ. ಯೇಸುವಿನ ಶಿಷ್ಯ ಯೋಹಾನನ ಜೊತೆ ನಾನು ಈ ಹಬ್ಬ ಆಚರಿಸಿದ್ದೇನೆ, ಬಿಡಲಾರೆ ಅಂದ. ರೋಮ್‌ನ ಬಿಷಪ್ ಅನಿಸೆಟಸ್, ನನಗಿಂತ ಮುಂಚಿನ ಹಿರಿಯರು ನಡೆಸಿಕೊಂಡು ಬಂದದ್ದನ್ನು ನಾನೂ ಬಿಡಲಾರೆ ಅಂದ. ಇವನು ಅವನನ್ನು ಒಪ್ಪಿಸಲಿಲ್ಲ, ಅವನು ಇವನನ್ನು ಒಪ್ಪಿಸಲಿಲ್ಲ. ಆಮೇಲೆ ಅನಿಸೆಟಸ್ ಏನು ಮಾಡಿದ ಗೊತ್ತಾ? ತನ್ನ ಸಭೆಯಲ್ಲಿ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ ಹಂಚಿಕೊಳ್ಳುವ ಆರಾಧನೆ) ನಡೆಸಿಕೊಡುವ ಗೌರವವನ್ನು ಪಾಲಿಕಾರ್ಪ್‌ಗೆ ಬಿಟ್ಟುಕೊಟ್ಟ. ತನ್ನ ಊರು, ತನ್ನ ಜನ, ತನ್ನ ಪೀಠ. ಅಲ್ಲಿ ನಿಂತು ರೊಟ್ಟಿ ಎತ್ತಿ ಪ್ರಾರ್ಥಿಸಿದ್ದು ತನ್ನ ಮಾತು ಒಪ್ಪದ ಅತಿಥಿ. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಈ ಭಾಗ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಸುಮಾರು 190ರ ಹೊತ್ತಿಗೆ ರೋಮ್‌ನಲ್ಲಿ ವಿಕ್ಟರ್ ಬಿಷಪ್ ಆಗಿದ್ದ. ಎಲ್ಲ ಕಡೆ ಒಂದೇ ದಿನ ಹಬ್ಬ ಆಗಬೇಕು ಎಂಬುದು ಅವನ ಹಟ. ಪಾಲೆಸ್ಟೈನ್, ಪೊಂತ, ಗಾಲ್ ಹೀಗೆ ಹಲವು ಕಡೆ ಕೂಟ ಸೇರಿದರು, ಪತ್ರ ಬರೆದರು. ಬಹುಪಾಲು ಭಾನುವಾರದ ಪರ. ಎಫೆಸದ ಬಿಷಪ್ ಪಾಲಿಕ್ರಟಿಸ್ ಮಾತ್ರ ಬಗ್ಗಲಿಲ್ಲ. ಅವನ ಉತ್ತರ ಉಳಿದುಬಂದಿದೆ. ತಮ್ಮ ನಾಡಿನ ಮಣ್ಣಿನಲ್ಲಿ ಮಲಗಿರುವ ಹಿರಿಯರ ಹೆಸರನ್ನು ಅವನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ: ಹಿಯೆರಾಪೊಲಿಯಲ್ಲಿ ಫಿಲಿಪ್ಪ, ಎಫೆಸದಲ್ಲಿ ಯೋಹಾನ, ಸ್ಮುರ್ನದಲ್ಲಿ ಪಾಲಿಕಾರ್ಪ್. ನಮ್ಮ ಬಂಧುಗಳಲ್ಲಿ ಏಳು ಜನ ಬಿಷಪ್ ಆಗಿದ್ದರು, ನಾನು ಎಂಟನೆಯವನು. ಕರ್ತನಲ್ಲಿ 65 ವರ್ಷ ಕಳೆದಿದ್ದೇನೆ, ಬೆದರಿಕೆಗೆ ಹೆದರುವವನಲ್ಲ ಅನ್ನುತ್ತಾನೆ.

ವಿಕ್ಟರ್ ಇಡೀ ಏಷ್ಯಾದ ಸಭೆಗಳನ್ನು ಪಂಕ್ತಿಯಿಂದ ಹೊರಗಿಡಲು ಹೊರಟ. ಆಗ ದಿನದ ವಿಷಯದಲ್ಲಿ ಅವನನ್ನು ಒಪ್ಪುತ್ತಿದ್ದ ಬಿಷಪ್‌ಗಳೇ ಅವನ ಮೇಲೆ ತಿರುಗಿಬಿದ್ದರು. ಇರೇನಿಯಸ್ ಹುಟ್ಟಿ ಬೆಳೆದದ್ದು ಏಷ್ಯಾದ ಕಡೆ, ಹುಡುಗನಾಗಿದ್ದಾಗ ಪಾಲಿಕಾರ್ಪ್‌ನ ಮಾತು ಕೇಳಿದವನು. ಆಚರಿಸುತ್ತಿದ್ದದ್ದು ಭಾನುವಾರ. ಎರಡೂ ಕಡೆಯ ಅನ್ನ ಉಂಡವನು. ಅವನು ವಿಕ್ಟರ್‌ಗೆ ಅನಿಸೆಟಸ್‌ನ ಕಥೆ ನೆನಪಿಸಿದ. ನಿನಗಿಂತ ಮುಂಚೆ ರೋಮ್‌ನಲ್ಲಿದ್ದ ಹಿರಿಯರು, 14ನೇ ದಿನ ಆಚರಿಸುವವರಿಗೂ ಭೋಜನದ ರೊಟ್ಟಿಯನ್ನು ಕಳಿಸಿಕೊಡುತ್ತಿದ್ದರು ಅಂದ. ಉಪವಾಸದ ವಿಷಯದಲ್ಲಿ ನಮ್ಮ ನಡುವಿನ ಭೇದವೇ ನಂಬಿಕೆಯಲ್ಲಿ ನಾವು ಒಂದು ಎಂಬುದನ್ನು ಗಟ್ಟಿ ಮಾಡುತ್ತದೆ ಅಂದ. ಇರೇನಿಯಸ್ ಎಂಬ ಹೆಸರಿನ ಮೂಲ ಗ್ರೀಕಿನಲ್ಲಿ ಶಾಂತಿ. ಹೆಸರಿಗೆ ತಕ್ಕವನು ಅಂತ ಚರಿತ್ರೆಕಾರ ಯೂಸೀಬಿಯಸ್ ಮೆಚ್ಚಿ ಬರೆದಿದ್ದಾನೆ.

ಮುಂದಿನ ದೊಡ್ಡ ಜಗಳ ಹುಟ್ಟಿದ್ದು ಕಿರುಕುಳದಿಂದ. 250ರಲ್ಲಿ ಚಕ್ರವರ್ತಿ ಡೀಸಿಯಸ್‌ನ ಆಜ್ಞೆ ಜಾರಿಗೆ ಬಂತು: ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಟಿಫಿಕೇಟ್ ಪಡೆಯಬೇಕು. ಈಜಿಪ್ಟಿನ ಮರಳಿನಲ್ಲಿ ಇಂಥ 40ಕ್ಕೂ ಜಾಸ್ತಿ ಸರ್ಟಿಫಿಕೇಟ್ ಸಿಕ್ಕಿವೆ. ಒಂದರಲ್ಲಿ ಅರ್ಜಿದಾರನ ವಯಸ್ಸು 72, ಗುರುತು ಬಲ ಹುಬ್ಬಿನ ಮೇಲಿನ ಗಾಯದ ಕಲೆ. ಕ್ರೈಸ್ತರಲ್ಲಿ ಕೆಲವರು ಸತ್ತರು, ಕೆಲವರು ಜೈಲು ಸೇರಿದರು. ಬಹಳ ಜನ ಬಲಿ ಕೊಟ್ಟರು. ಇನ್ನು ಕೆಲವರು ಲಂಚ ಕೊಟ್ಟು, ಬಲಿ ಕೊಡದೆಯೇ ಕಾಗದ ಮಾಡಿಸಿಕೊಂಡರು. ಆಮೇಲೆ ಇವರೆಲ್ಲ ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಸೇರಿಸಿಕೊಳ್ಳಬೇಕೋ ಬೇಡವೋ?

ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಇದು ಅಧಿಕಾರದ ಪ್ರಶ್ನೆಯೂ ಆಯಿತು. ನಂಬಿಕೆಗಾಗಿ ಜೈಲಿನಲ್ಲಿ ಕಷ್ಟಪಟ್ಟವರ ಮೇಲೆ ಜನರಿಗೆ ಅಪಾರ ಗೌರವ. ಅವರು, ಇವನನ್ನು ಸೇರಿಸಿಕೊಳ್ಳಿ ಅಂತ ಚೀಟಿ ಬರೆದುಕೊಡತೊಡಗಿದರು. ಕೆಲವು ಚೀಟಿಗಳಲ್ಲಿ ‘ಇಂಥವನನ್ನು ಮನೆಯವರ ಸಮೇತ’ ಅಂತ ಇರುತ್ತಿತ್ತು. ಮನೆಯವರು ಅಂದರೆ ಎಷ್ಟು ಜನ, ಇಪ್ಪತ್ತೋ ಮೂವತ್ತೋ ಅಂತ ಬಿಷಪ್ ಸಿಪ್ರಿಯನ್ ಕೇಳಿದ. ಅವನ ಸ್ಥಿತಿ ಕಷ್ಟದ್ದು. ಕಿರುಕುಳದ ಸಮಯದಲ್ಲಿ ಅವನು ಊರು ಬಿಟ್ಟು ಅಡಗಿದ್ದ. ಓಡಿಹೋದವನು ಜೈಲಿನಲ್ಲಿದ್ದವರಿಗೆ ಬುದ್ಧಿ ಹೇಳುವುದಾ ಎಂಬ ಮಾತು ಎದ್ದಿತು. ಒಬ್ಬನೇ ತೀರ್ಮಾನಿಸಲಾರೆ, ಎಲ್ಲರೂ ಸೇರೋಣ ಅಂದ. 251ರಲ್ಲಿ ಆಫ್ರಿಕಾದ ಬಿಷಪ್‌ಗಳ ಕೂಟ ಸೇರಿ ನಡುದಾರಿ ಹಿಡಿಯಿತು. ಕಾಗದ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ಬಹುಕಾಲ ಪಶ್ಚಾತ್ತಾಪದಲ್ಲಿರಬೇಕು, ಸಾಯುವ ಸ್ಥಿತಿ ಬಂದರೆ ಕ್ಷಮೆ ಕೊಡಬೇಕು. ಒಂದೆರಡು ವರ್ಷದಲ್ಲಿ ಮತ್ತೆ ಕಿರುಕುಳದ ಸೂಚನೆ ಕಂಡಾಗ ಇನ್ನಷ್ಟು ಸಡಿಲಿಸಿ, ಪಶ್ಚಾತ್ತಾಪದಲ್ಲಿದ್ದವರನ್ನು ಸೇರಿಸಿಕೊಂಡರು.

ರೋಮ್‌ನಲ್ಲಿ ಇದೇ ಪ್ರಶ್ನೆ ಸಭೆಯನ್ನು ಸೀಳಿತು. ಕೊರ್ನೆಲಿಯಸ್ ಬಿಷಪ್ ಆಗಿ ಆಯ್ಕೆಯಾದ. ಬಲಿ ಕೊಟ್ಟವರಿಗೆ ಕ್ಷಮೆಯೇ ಇಲ್ಲ ಎಂಬ ಪಕ್ಷದವರು ನೊವೇಷಿಯನ್ ಎಂಬವನನ್ನು ಎದುರು ಬಿಷಪ್ ಮಾಡಿದರು. ಇಬ್ಬರ ಪತ್ರಗಳೂ ಊರೂರಿಗೆ ಹೋದವು. ಯಾರ ಪತ್ರ ಒಪ್ಪುವುದು ಅಂತ ತಿಳಿಯದೆ ಕಾರ್ಥೇಜ್‌ನವರು ಇಬ್ಬರು ಬಿಷಪ್‌ಗಳನ್ನು ರೋಮ್‌ಗೆ ಕಳಿಸಿ ವಿಚಾರಿಸಿದರು. ನೊವೇಷಿಯನ್ ರೊಟ್ಟಿ ಕೊಡುವಾಗ ಜನರ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಕೊರ್ನೆಲಿಯಸ್ ಕಡೆಗೆ ಮರಳುವುದಿಲ್ಲ ಅಂತ ಆಣೆ ಮಾಡಿಸುತ್ತಿದ್ದ ಅಂತ ಕೊರ್ನೆಲಿಯಸ್ ಒಂದು ಪತ್ರದಲ್ಲಿ ದೂರುತ್ತಾನೆ. ಎದುರಾಳಿಯ ಮಾತು, ಪೂರ್ತಿ ನಂಬುವ ಹಾಗಿಲ್ಲ. ಆದರೂ ಪಂಕ್ತಿಗಾಗಿ ಎಷ್ಟು ಎಳೆದಾಟ ನಡೆದಿತ್ತು ಅಂತ ಗೊತ್ತಾಗುತ್ತದೆ.

ಹಾಗಾದರೆ ನೊವೇಷಿಯನ್ ಗುಂಪಿನಲ್ಲಿ ದೀಕ್ಷಾಸ್ನಾನ ಪಡೆದವರು ಮನಸ್ಸು ಬದಲಿಸಿ ಬಂದರೆ? ಅದು ಸ್ನಾನವೇ ಅಲ್ಲ, ಮತ್ತೆ ಮಾಡಿಸಬೇಕು ಅಂದ ಸಿಪ್ರಿಯನ್. ತಲೆಯ ಮೇಲೆ ಕೈಯಿಟ್ಟು ಸೇರಿಸಿಕೊಂಡರೆ ಸಾಕು, ಹಿಂದಿನಿಂದ ಬಂದದ್ದರ ಹೊರತು ಹೊಸದೇನೂ ಬೇಡ ಅಂದ ಆಗಿನ ರೋಮ್‌ನ ಬಿಷಪ್ ಸ್ತೆಫನ್. 256ರ ಸೆಪ್ಟೆಂಬರ್ 1ರಂದು ಕಾರ್ಥೇಜ್‌ನಲ್ಲಿ 87 ಬಿಷಪ್‌ಗಳು ಸೇರಿದರು. ಸಿಪ್ರಿಯನ್ ಮೊದಲೇ ಹೇಳಿದ: ನಮ್ಮಲ್ಲಿ ಯಾರೂ ಬಿಷಪ್‌ಗಳ ಬಿಷಪ್ ಅಲ್ಲ. ಪ್ರತಿಯೊಬ್ಬರೂ ಅಭಿಪ್ರಾಯ ಹೇಳಿ. ಬೇರೆ ಅಭಿಪ್ರಾಯ ಇದೆ ಅಂತ ಯಾರನ್ನೂ ಹೊರಗಿಡುವುದಿಲ್ಲ. ಒಬ್ಬೊಬ್ಬರು ಹೇಳಿದ್ದೂ ಊರಿನ ಹೆಸರಿನ ಜೊತೆ ದಾಖಲಾಗಿದೆ. ಎಲ್ಲರೂ ಸಿಪ್ರಿಯನ್ ಕಡೆಗೇ ನಿಂತರು.

ಸ್ತೆಫನ್ ಬೇರೆ ರೀತಿ ನಡೆದುಕೊಂಡ. ಆಫ್ರಿಕಾದಿಂದ ಹೋದ ದೂತರನ್ನು ಮಾತಾಡಿಸಲಿಲ್ಲ. ಅವರಿಗೆ ಯಾರೂ ಮನೆಯಲ್ಲಿ ಜಾಗ ಕೊಡಕೂಡದು ಅಂತ ರೋಮ್‌ನ ಕ್ರೈಸ್ತರಿಗೆ ಹೇಳಿಬಿಟ್ಟ. ಹೀಗೆಂದು ಕಪದೋಕ್ಯದ ಬಿಷಪ್ ಫರ್ಮಿಲಿಯನ್ ಸಿಟ್ಟಿನಿಂದ ಬರೆದಿದ್ದಾನೆ. ದೂರ ಪಯಣ ಮಾಡಿ ಬಂದವರಿಗೆ ರಾತ್ರಿ ತಂಗಲು ಜಾಗ ಇಲ್ಲ ಅಂದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. 257ರಲ್ಲಿ ಸ್ತೆಫನ್ ತೀರಿಕೊಂಡ. 258ರ ಸೆಪ್ಟೆಂಬರ್ 14ರಂದು ಸಿಪ್ರಿಯನ್‌ನ ತಲೆ ಕಡಿದರು. ಓಡಿಹೋದವನು ಎಂದಿದ್ದವರಿಗೆ ಆಡಲು ಮಾತು ಉಳಿಯಲಿಲ್ಲ. ಸ್ನಾನದ ಪ್ರಶ್ನೆಯಲ್ಲಿ ಕೊನೆಗೆ ರೋಮ್‌ನ ಪದ್ಧತಿಯ ಕಡೆಗೇ, 314ರಲ್ಲಿ ಗಾಲ್‌ನ ಆರ್ಲ್ ಊರಿನಲ್ಲಿ ಸೇರಿದ ಬಿಷಪ್‌ಗಳ ಕೂಟ ವಾಲಿತು. ಸಿಪ್ರಿಯನ್‌ನನ್ನು ಮಾತ್ರ ರೋಮ್ ಕೂಡ ಸಂತ ಅಂತಲೇ ನೆನೆಯುತ್ತದೆ.

ಅದೇ ಕಾಲದ, ಕಡಿಮೆ ಜನರಿಗೆ ಗೊತ್ತಿರುವ ಒಂದು ಘಟನೆ ನನಗೆ ಬಹಳ ಇಷ್ಟ. ಈಜಿಪ್ಟಿನ ಅರ್ಸಿನೋಯೆ ಸೀಮೆಯಲ್ಲಿ, ಕ್ರಿಸ್ತ ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾನೆ ಎಂಬ ಬೋಧನೆಯಿಂದ ಹಳ್ಳಿ ಹಳ್ಳಿಯ ಸಭೆಗಳು ಒಡೆದಿದ್ದವು. ಅದನ್ನು ಬರೆದಿದ್ದ ಬಿಷಪ್ ನೇಪೋಸ್ ತೀರಿಕೊಂಡಿದ್ದ. ಅಲೆಕ್ಸಾಂಡ್ರಿಯದ ಬಿಷಪ್ ಡಯೊನಿಸಿಯಸ್ ಕೂತಲ್ಲಿಂದ ಆಜ್ಞೆ ಕಳಿಸಲಿಲ್ಲ. ತಾನೇ ಹೋದ. ಹಳ್ಳಿಗಳ ಹಿರಿಯರನ್ನೂ ಬೋಧಕರನ್ನೂ ಕರೆಸಿದ. ಕೇಳಬೇಕು ಅನಿಸಿದ ಸಾಮಾನ್ಯ ಜನರೂ ಬಂದರು. ಅವರು ನೇಪೋಸ್‌ನ ಬರಹ ತಂದು ಮುಂದಿಟ್ಟರು. ಮೂರು ದಿನ, ಬೆಳಗಿನಿಂದ ಸಂಜೆಯ ತನಕ, ಅದನ್ನು ಇಟ್ಟುಕೊಂಡು ಮಾತಾಡಿದರು. ನೇಪೋಸ್ ಬರೆದ ಕೀರ್ತನೆಗಳನ್ನು, ಅವನ ಶ್ರದ್ಧೆಯನ್ನು ಡಯೊನಿಸಿಯಸ್ ಮನಸಾರೆ ಹೊಗಳಿದ. ಮೊದಲು ಹಿಡಿದ ಮಾತನ್ನು ಹಟಕ್ಕೆ ಹಿಡಿದುಕೊಳ್ಳಲಿಲ್ಲ, ಅಭಿಪ್ರಾಯ ಬದಲಿಸಲು ನಾಚಲೂ ಇಲ್ಲ ಅಂತ ಆ ಮೂರು ದಿನದ ಬಗ್ಗೆ ಅವನು ಬರೆದಿದ್ದಾನೆ. ಕೊನೆಗೆ ಆ ಬೋಧನೆಯ ಮುಖಂಡ ಕೊರಾಸಿಯನ್ ಎಲ್ಲರೆದುರು, ಇನ್ನು ಇದನ್ನು ಬೋಧಿಸುವುದಿಲ್ಲ ಅಂದ.

ಹೀಗೆ ಮಾತಿಗೆ ಬಗ್ಗದವರೂ ಇದ್ದರು. 268ರಲ್ಲಿ ಅಂತಿಯೋಕ್ಯದ ಬಿಷಪ್, ಸಮೊಸಾಟದ ಪೌಲನನ್ನು ಅವನ ಬೋಧನೆಗಾಗಿ ಬಿಷಪ್‌ಗಳ ಕೂಟ ಕೆಳಗಿಳಿಸಿತು. ಅವನು ಸಭೆಯ ಮನೆ ಬಿಟ್ಟುಕೊಡಲಿಲ್ಲ. ಕೂಟದ ಹತ್ತಿರ ಪೊಲೀಸರಿಲ್ಲ, ಏನು ಮಾಡುವುದು? 272ರಲ್ಲಿ ಚಕ್ರವರ್ತಿ ಅರೇಲಿಯನ್ ಆ ಊರನ್ನು ಗೆದ್ದ ಮೇಲೆ ಅವನ ಹತ್ತಿರವೇ ದೂರು ಹೋಯಿತು. ಅವನು ಕ್ರೈಸ್ತನಲ್ಲ, ಬೋಧನೆಯ ಸರಿ ತಪ್ಪು ಅವನಿಗೆ ಬೇಕಿಲ್ಲ. ಇಟಲಿಯ ಮತ್ತು ರೋಮ್‌ನ ಬಿಷಪ್‌ಗಳು ಯಾರಿಗೆ ಪತ್ರ ಬರೆಯುತ್ತಾರೋ ಅವರಿಗೆ ಮನೆ ಸೇರಲಿ ಅಂದ. ಕ್ರೈಸ್ತರು ತಮ್ಮವರನ್ನು ಗುರುತಿಸುತ್ತಿದ್ದ ರೀತಿಯನ್ನೇ ಅವನು ತೀರ್ಪಾಗಿ ಕೊಟ್ಟ.

325ರಲ್ಲಿ ನೈಸೀಯದಲ್ಲಿ (ಇಂದಿನ ಟರ್ಕಿಯಲ್ಲಿದೆ) ಬಿಷಪ್‌ಗಳ ಕೂಟ ಕರೆದದ್ದೇ ಚಕ್ರವರ್ತಿ ಕಾನ್‌ಸ್ಟಂಟೈನ್. ದೇವರ ಮಗ ಸೃಷ್ಟಿಯಾದವನು ಎಂಬ ಅರಿಯಸ್‌ನ ಬೋಧನೆಯನ್ನು ಕೂಟ ತಳ್ಳಿಹಾಕಿತು. ಪಾಸ್ಖವನ್ನು ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು ಅಂತಲೂ ತೀರ್ಮಾನವಾಯಿತು. ಅರಿಯಸ್ ಮತ್ತು ಅವನ ಜೊತೆ ನಿಂತ ಇಬ್ಬರು ಬಿಷಪ್‌ಗಳು, ಸೆಕುಂಡಸ್ ಮತ್ತು ಥಿಯೋನಸ್, ಗಡಿಪಾರಾದರು. ಅಲ್ಲಿಯ ತನಕ ಸಭೆ ಒಬ್ಬನನ್ನು ಪಂಕ್ತಿಯಿಂದ ಕಳಿಸಬಹುದಿತ್ತು, ಈಗ ಚಕ್ರವರ್ತಿ ಅವನನ್ನು ನಾಡಿನಿಂದಲೇ ಕಳಿಸಿದ. ಅದರಿಂದ ಜಗಳ ನಿಲ್ಲಲಿಲ್ಲ. ನೈಸೀಯದ ಪರ ನಿಂತ ಅಲೆಕ್ಸಾಂಡ್ರಿಯದ ಅಥನೇಸಿಯಸ್ ಮುಂದೆ ಐದು ಸಲ ಗಡಿಪಾರಾದ. 381ರ ಕಾನ್‌ಸ್ಟಾಂಟಿನೋಪಲ್ ಕೂಟದ ತನಕ ಈ ಎಳೆದಾಟ ನಡೆಯಿತು.

ಅದೇ ನೈಸೀಯದ ಕೂಟ 20 ನಿಯಮಗಳನ್ನೂ ಮಾಡಿತು. ಅದರಲ್ಲಿ ಐದನೆಯದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಒಬ್ಬ ಬಿಷಪ್ ಯಾರನ್ನಾದರೂ ಹೊರಗಿಟ್ಟರೆ ಬೇರೆ ಬಿಷಪ್‌ಗಳು ಅವನನ್ನು ಒಳಗೆ ಸೇರಿಸಕೂಡದು. ಆದರೆ ಬಿಷಪ್‌ನ ಸಣ್ಣತನದಿಂದಲೋ ಜಗಳಗಂಟಿತನದಿಂದಲೋ ಅವನು ಹೊರಗೆ ಬಿದ್ದನಾ ಅಂತ ವಿಚಾರಿಸಬೇಕು. ಇದಕ್ಕಾಗಿ ಪ್ರಾಂತ್ಯದ ಬಿಷಪ್‌ಗಳೆಲ್ಲ ವರ್ಷಕ್ಕೆ ಎರಡು ಸಲ ಸೇರಬೇಕು. ಒಂದು ಕೂಟ ಶರತ್ಕಾಲದಲ್ಲಿ. ಇನ್ನೊಂದು, ಪಾಸ್ಖಕ್ಕೆ ಮುಂಚಿನ ನಲವತ್ತು ದಿನ ಶುರುವಾಗುವ ಮೊದಲು. ಮನಸ್ಸಿನ ಕಹಿಯನ್ನೆಲ್ಲ ಕಳೆದುಕೊಂಡು ದೇವರಿಗೆ ಶುದ್ಧ ಕಾಣಿಕೆ ಅರ್ಪಿಸುವಂತಾಗಲಿ ಅಂತ ಕಾರಣವನ್ನೂ ನಿಯಮದಲ್ಲೇ ಬರೆದಿಟ್ಟಿದ್ದಾರೆ.